ಗವಾಕ್ಷಿಯೋ, ಒದ್ದೆ ಹುಲ್ಲೋ: ಕುದಾಪುರದ ಬಿಸಿಲು ಕಲಿಸಿದ ಹನ್ನೊಂದು ಪಾಠ

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ನನ್ನದೊಂದು ಆಟೊ ಎಲೆಕ್ಟ್ರಿಕಲ್ ಶೆಡ್ಡು. ಲಾರಿಗಳ ಡೈನಮೊ, ಸೆಲ್ಫು, ಹೆಡ್‌ಲೈಟು, ಟ್ರ್ಯಾಕ್ಟರಿನ ವೈರಿಂಗು ಅಂತ ಇಪ್ಪತ್ತೆರಡು ವರ್ಷ ಕಳೆದೆ. ಮನೆಗಾಡಿಯ ಸಹವಾಸ ಶುರುವಾದದ್ದು ಒಬ್ಬ ಮೇಷ್ಟ್ರಿಂದ. ನಿವೃತ್ತಿಯ ದುಡ್ಡಲ್ಲಿ ಹಳೆಯದೊಂದು ಟೆಂಪೊ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿಕೊಂಡು ಶೆಡ್ಡಿನ ಮುಂದೆ ತಂದು ನಿಲ್ಲಿಸಿದರು. ಪೇಟೆಯ ಭಾಷೆಯಲ್ಲಿ ಮೋಟಾರ್‌ಹೋಮ್. ನಮ್ಮ ಹುಡುಗರು ಅದಕ್ಕೆ ಮನೆಗಾಡಿ ಅಂದರು, ಹೆಸರು ಹಾಗೇ ನಿಂತಿತು.

“ಒಳಗೆ ತಣ್ಣಗಿರೋ ಹಂಗೆ ಏನಾದ್ರು ಮಾಡಪ್ಪ” ಅಂದರು ಮೇಷ್ಟ್ರು.

“ಕೂಲರ್ ಹಾಕ್ಲಾ ಸಾರ್, ಟಾಪಿಗೆ ಫ್ಯಾನ್ ಹಾಕ್ಲಾ?”

“ಅದನ್ನ ನೀನೇ ಹೇಳ್ಬೇಕು.”

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವನಂತೆ ಕೂಲರ್ ಅಂದೆ. ಆಮೇಲೆ ಎಂಟು ಗಾಡಿಗಳಿಗೆ ಕೈ ಹಚ್ಚಿದ್ದೇನೆ. ಕೆಲವನ್ನು ಎರಡೆರಡು ಸಲ ಬಿಚ್ಚಿ ಕಟ್ಟಿದ್ದೇನೆ. ಎಲ್ಲಕ್ಕೂ ಪರೀಕ್ಷೆ ನಡೆಯುವುದು ನಾಯಕನಹಟ್ಟಿ ಕಡೆಯ ಕುದಾಪುರದ ಬಯಲಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇರುವುದು ಅಲ್ಲೇ, ಸುಮಾರು 1500 ಎಕರೆಯಲ್ಲಿ. ಸುತ್ತ ಅಮೃತ ಮಹಲ್ ಕಾವಲುಗಳ ಹುಲ್ಲುಗಾವಲು, ಕಣ್ಣು ಹಾಯುವಷ್ಟು ದೂರ ಮರದ ನೆರಳಿಲ್ಲ. ಅಲ್ಲಿ ಮಧ್ಯಾಹ್ನ ಒಳಗೆ ಕೂರಲು ಆಗುವ ಗಾಡಿಯಲ್ಲಿ ರಾಜ್ಯದ ಒಣ ಸೀಮೆಯ ಯಾವ ಊರಿನಲ್ಲಾದರೂ ಕೂರಬಹುದು ಅಂತ ನನ್ನ ಲೆಕ್ಕ. ಕೆಳಗಿರುವುದು ಅಲ್ಲಿ ಬೆವತು ಕಲಿತದ್ದು.

1. ಮೊದಲು ಚಾವಣಿಯನ್ನು ತಣ್ಣಗೆ ಮಾಡಿ, ಗಾಳಿಯ ಮಾತು ಆಮೇಲೆ

ಮೇಷ್ಟ್ರ ಗಾಡಿಯ ಟಾಪು ಕಡುನೀಲಿ. ಅದರ ಕೆಳಗೆ ನಾನು ಹೊಸ ಕೂಲರ್ ಕೂರಿಸಿ, ಏಪ್ರಿಲ್‌ನಲ್ಲಿ ಕುದಾಪುರಕ್ಕೆ ಒಯ್ದು ನಿಲ್ಲಿಸಿದೆ. ಕೂಲರಿನ ಬಾಯಿಗೆ ಮುಖ ಕೊಟ್ಟರೆ ತಂಪು, ತಲೆ ಎತ್ತಿದರೆ ನೆತ್ತಿಯ ಮೇಲೆ ಕಾದ ಹೆಂಚು. ದೂರದಿಂದಲೇ ಶಾಖ ಅಳೆಯುವ ಗನ್ ಥರ್ಮಾಮೀಟರು ಹಿಡಿದರೆ ಚಾವಣಿಯ ತಗಡು 67 ಡಿಗ್ರಿ ತೋರಿಸಿತು. ಬಿಳಿ ಬಣ್ಣ ಹೊಡೆಸಿದ ಮೇಲೆ ಅಂಥದೇ ಒಂದು ಮಧ್ಯಾಹ್ನ 48.

ಒಂದು ಡಬ್ಬ ಬಿಳಿ ಬಣ್ಣ ಮಾಡುವ ಕೆಲಸವನ್ನು ಯಾವ ಯಂತ್ರವೂ ಅಷ್ಟು ಅಗ್ಗದಲ್ಲಿ ಮಾಡುವುದಿಲ್ಲ. ಈಗ ನನ್ನ ಶೆಡ್ಡಿನಲ್ಲಿ ಕ್ರಮ ಇದು: ಟಾಪಿಗೆ ಬಿಳಿ, ಒಳಗೆ ಒಂದಿಂಚು ಫೋಮ್ ಶೀಟು, ಮುಂದಿನ ದೊಡ್ಡ ಗಾಜಿಗೆ ಹೊರಗಡೆಯಿಂದ ಪರದೆ. ಒಳಗಿನಿಂದ ಪರದೆ ಹಾಕಿದರೆ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಸೋಲಾರ್ ಪ್ಯಾನೆಲ್ಲನ್ನು ತಗಡಿಗೆ ಅಂಟಿಸದೆ ಎರಡು-ಮೂರು ಇಂಚು ಎತ್ತರಿಸಿ ಕೂರಿಸಿದರೆ ಅದೇ ಒಂದು ಚಪ್ಪರ. ಮಧ್ಯಾಹ್ನದ ಮೇಲೆ ಗಾಡಿಯ ಮೂತಿ ಪಶ್ಚಿಮಕ್ಕೆ ಇರಬಾರದು. ಇಷ್ಟು ಮಾಡದೆ ಕೂಲರ್ ಬೇಕಾ, ಫ್ಯಾನ್ ಬೇಕಾ ಅಂತ ಕೇಳುವುದು, ಒಲೆ ಆರಿಸದೆ ಹಾಲು ಉಕ್ಕುತ್ತಿದೆ ಅಂತ ಊದಿದ ಹಾಗೆ.

2. ಹೋಗುವ ದಾರಿ ಇಲ್ಲದಿದ್ದರೆ ಬರುವ ಗಾಳಿಯೂ ಇಲ್ಲ

ನಮ್ಮಜ್ಜಿಯದು ಕರಲು ಮಣ್ಣಿನ ಮಾಳಿಗೆ ಮನೆ. ಅಡುಗೆಮನೆಯ ಮೇಲೆ ಮೊಳ ಅಗಲದ ಗವಾಕ್ಷಿ, ಮಳೆ ಬಂದರೆ ಮುಚ್ಚಲು ಪಕ್ಕದಲ್ಲೊಂದು ಕಲ್ಲುಚಪ್ಪಡಿ. ಒಲೆ ಹೊತ್ತಿಸಿದರೆ ಹೊಗೆ ನೆಟ್ಟಗೆ ಅಲ್ಲಿಂದ ಹೋಗುತ್ತಿತ್ತು. ಆದರೆ ಚಳಿಗೆ ಅಂತ ಬಾಗಿಲು ಹಾಕಿದ ದಿನ ಹೊಗೆ ಮನೆಯೊಳಗೇ ಸುತ್ತುತ್ತಿತ್ತು. ಅಜ್ಜಿ ಬಾಗಿಲನ್ನು ಒಂದು ಗೇಣು ತೆಗೆಯುತ್ತಿದ್ದಳು, ಹೊಗೆ ಮತ್ತೆ ಮೇಲಕ್ಕೆ.

ಮನೆಗಾಡಿಯ ಟಾಪಿನ ಫ್ಯಾನು ಅಂದರೆ ಮೋಟಾರು ಕಟ್ಟಿದ ಗವಾಕ್ಷಿ, ಅಷ್ಟೇ. ಹೊರದೇಶದ ಗಾಡಿಗಳಲ್ಲಿ ಇದಕ್ಕೆ 14 ಇಂಚಿನ ಚೌಕದ ತೂತು ರೂಢಿ. ಒಳ್ಳೆಯ ಫ್ಯಾನು ಜೋರಿನಲ್ಲಿ ನಿಮಿಷಕ್ಕೆ 900 ಘನ ಅಡಿ ಗಾಳಿ ಎಳೆಯುತ್ತದೆ. ಒಂದು ಟ್ರಾವೆಲರಿನ ಹೊಟ್ಟೆ ಸುಮಾರು 600 ಘನ ಅಡಿ. ಅರ್ಧ ವೇಗದಲ್ಲಿ ಇಟ್ಟರೂ ಒಂದೆರಡು ನಿಮಿಷಕ್ಕೊಮ್ಮೆ ಒಳಗಿನ ಗಾಳಿ ಪೂರಾ ಬದಲು.

ಒಬ್ಬ ಗಿರಾಕಿ ಫ್ಯಾನು ಹಾಕಿಸಿಕೊಂಡು ಹೋಗಿ ವಾರಕ್ಕೇ ಬೈಯಲು ಬಂದ. ನೋಡಿದರೆ ಸೊಳ್ಳೆಗೆ ಹೆದರಿ ಎಲ್ಲ ಕಿಟಕಿ ಬಿಗಿದಿದ್ದ. ಫ್ಯಾನು ಬರೀ ಗುಂಯ್ ಅನ್ನುತ್ತಿತ್ತು. ಮಂಚದ ಪಕ್ಕದ ಕಿಟಕಿಗೆ ಜಾಲರಿ ಹಾಕಿ ನಾಲ್ಕು ಬೆರಳು ತೆಗೆದೆ. ಗಾಳಿ ಅಲ್ಲಿಂದ ನುಗ್ಗಿ ಮೈಮೇಲೆ ಹಾದು ಟಾಪಿಗೆ ಏರಿತು. ಫ್ಯಾನು ಒಂದು ತುದಿಗೆ, ತೆರೆಯುವ ಕಿಟಕಿ ಇನ್ನೊಂದು ತುದಿಗೆ, ನಡುವೆ ಮಂಚ. ಈ ಮೂರರ ಜಾಗ ತಪ್ಪಿದರೆ ಎಷ್ಟೇ ದುಬಾರಿ ಫ್ಯಾನು ತಂದರೂ ದಂಡ.

3. ಗವಾಕ್ಷಿ ಫ್ಯಾನು ಹೊರಗಿನ ಗಾಳಿಗಿಂತ ತಣ್ಣಗಿನದನ್ನು ಕೊಡಲಾರದು

ಇದನ್ನು ಮಾರುವಾಗಲೇ ಹೇಳಿಬಿಡುತ್ತೇನೆ. ಹೊರಗೆ 38 ಇದ್ದರೆ ಒಳಗೆ 39 ಬಂದರೆ ಅದೇ ಗೆಲುವು. ಬಿಸಿಲಲ್ಲಿ ಮುಚ್ಚಿಟ್ಟ ಗಾಡಿ 50 ದಾಟಿರುತ್ತದೆ, ಅದನ್ನು 39ಕ್ಕೆ ಇಳಿಸುವುದು ಸಣ್ಣ ಕೆಲಸವೇನಲ್ಲ. ಆದರೂ 39ರಲ್ಲಿ ನಿದ್ದೆ ಬರುವುದಿಲ್ಲ. ನಮ್ಮ ಚರ್ಮದ ಬಿಸಿ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾಗಿದ್ದರೆ ಬೀಸುವ ಗಾಳಿಯೇ ಮೈಗೆ ಶಾಖ ತರುತ್ತದೆ, ಬೆವರು ಆರುವುದರಿಂದ ಸಿಗುವ ತಂಪು ಮಾತ್ರ ಕಾಪಾಡಬೇಕು. ವಯಸ್ಸಾದವರು, ಕೂಸುಗಳು ಇರುವ ಗಾಡಿಯಲ್ಲಿ ಏಪ್ರಿಲ್ ಮಧ್ಯಾಹ್ನಕ್ಕೆ ಬರೀ ಫ್ಯಾನು ನಂಬಬೇಡಿ.

ಫ್ಯಾನಿನ ಹೊತ್ತು ಬರುವುದು ಸೂರ್ಯ ಮುಳುಗಿದ ಮೇಲೆ. ಕಾವಲಿನ ಬಯಲು ಎಷ್ಟು ಬೇಗ ಕಾಯುತ್ತದೋ ಅಷ್ಟೇ ಬೇಗ ಆರುತ್ತದೆ. ರಾತ್ರಿ ಹತ್ತಕ್ಕೆ ಹೊರಗೆ ಕಂಬಳಿ ಹಾಸಿ ಕೂತ ಕುರಿಯವರು ತಂಪಾಗಿ ಮಾತಾಡುತ್ತಿರುತ್ತಾರೆ, ಗಾಡಿಯೊಳಗಿನವರು ಮಾತ್ರ ಹಗಲಿನ ಬಿಸಿಯನ್ನು ಹೊದ್ದು ಮಲಗಿರುತ್ತಾರೆ. ಆ ಹೊತ್ತಿಗೆ ಫ್ಯಾನು ಹಾಕಿದರೆ ಇಪ್ಪತ್ತು ನಿಮಿಷದಲ್ಲಿ ಹೊರಗಿನ ರಾತ್ರಿ ಒಳಗೆ ಬರುತ್ತದೆ.

ಇನ್ನೊಂದು ಕೆಲಸವೂ ಅದರದೇ. ಮೆಣಸಿನಕಾಯಿ ಒಗ್ಗರಣೆಯ ಘಾಟು, ಅನ್ನದ ಹಬೆ, ಗ್ಯಾಸ್ ಒಲೆ ಉರಿದಾಗ ಕೆಡುವ ಗಾಳಿ ಹೊರಗೆ ಹೋಗಬೇಕಾದರೆ ಗವಾಕ್ಷಿಯೇ ಬೇಕು. ಕೂಲರಿಗೆ ಅದು ಬಾರದ ವಿದ್ಯೆ.

4. ಕೂಲರ್ ಕೊಳ್ಳುವ ಮೊದಲು ಎರಡು ಥರ್ಮಾಮೀಟರು ಕೊಳ್ಳಿ

ನನ್ನ ಕಸುಬಿನಲ್ಲಿ ಕಲಿತ ಅತ್ಯಂತ ಅಗ್ಗದ, ಅತ್ಯಂತ ದೊಡ್ಡ ಪಾಠ ಇದು. ಎರಡು ಸಾದಾ ಗಾಜಿನ ಥರ್ಮಾಮೀಟರು ತನ್ನಿ. ಒಂದರ ಬುಡಕ್ಕೆ ಮಲ್ ಬಟ್ಟೆ ಸುತ್ತಿ, ಬಟ್ಟೆಯ ಬಾಲವನ್ನು ನೀರಿನ ಲೋಟಕ್ಕೆ ಬಿಡಿ. ನೆರಳಲ್ಲಿಟ್ಟು ಎರಡಕ್ಕೂ ಐದು ನಿಮಿಷ ಗಾಳಿ ಬೀಸಿ. ಒಣದು ತೋರಿಸುವುದು ಹೊರಗಿನ ಬಿಸಿ. ಒದ್ದೆಯದು ತೋರಿಸುವುದು ಆ ಗಾಳಿಯಲ್ಲಿ ನೀರು ಆರಿಸಿ ತಲುಪಬಹುದಾದ ಕಟ್ಟಕಡೆಯ ತಂಪು. ಕೂಲರಿನ ಬಂಡವಾಳ ಈ ಎರಡರ ನಡುವಿನ ಅಂತರ, ಅಷ್ಟೇ.

ಕುದಾಪುರದಲ್ಲಿ ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರಕ್ಕೆ ನಾನು ಕಂಡದ್ದು: ಒಣ 38, ಒದ್ದೆ 22. ಅಂತರ 16. ಸಾಮಾನ್ಯ ಕೂಲರು ಅಂತರದ ಮುಕ್ಕಾಲು ಪಾಲು ಇಳಿಸಿದರೆ ಹೆಚ್ಚು, ಅಂದರೆ 12 ಡಿಗ್ರಿ. ಕೂಲರಿನ ಬಾಯಲ್ಲಿ 26, ಮಂಚದ ಹತ್ತಿರ ಬರುವಷ್ಟರಲ್ಲಿ 29. ಬದುಕಬಹುದು, ಓದಬಹುದು, ನಿದ್ದೆಯೂ ಬರುತ್ತದೆ.

ಅದೇ ಜಾಗ, ಜೂನ್ ಕೊನೆ, ಮೋಡ: ಒಣ 31, ಒದ್ದೆ 25. ಅಂತರ ಬರೀ 6. ಕೂಲರು ಕಷ್ಟಪಟ್ಟರೆ ನಾಲ್ಕು ಡಿಗ್ರಿ ಇಳಿಸುತ್ತದೆ, ಜೊತೆಗೆ ಹಾಸಿಗೆಯನ್ನು ಹಸಿ ಮಾಡುತ್ತದೆ. ನನ್ನ ಕಟ್ಟಳೆ ಹೀಗಿದೆ: ಅಂತರ 10ರ ಮೇಲಿದ್ದರೆ ಕೂಲರ್ ಹಾಕಿ, 6ರ ಕೆಳಗಿದ್ದರೆ ಮುಟ್ಟಬೇಡಿ, ನಡುವೆ ಇದ್ದರೆ ಟ್ಯಾಂಕಿನಲ್ಲಿ ಎಷ್ಟು ನೀರಿದೆ ನೋಡಿ ತೀರ್ಮಾನ ಮಾಡಿ.

ಇದೇನು ಹೊಸ ವಿದ್ಯೆಯಲ್ಲ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹೂಜಿ, ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಬಾಗಿಲಿಗೆ ಕಟ್ಟುವುದು, ಲಾರಿಯ ಮುಂದೆ ನೇತಾಡುತ್ತಿದ್ದ ಕ್ಯಾನ್ವಾಸಿನ ನೀರಿನ ಚೀಲ, ಎಲ್ಲವೂ ಇದೇ. ಅಮೆರಿಕದ ಮರುಭೂಮಿ ಸೀಮೆಯಲ್ಲೂ ಕಾರಿಗೆ ಎಸಿ ಬರುವ ಮೊದಲು ಕಿಟಕಿಗೆ ನೀರಿನ ಕೂಲರ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಒಣಗಾಳಿಯ ಸೀಮೆಯವರೆಲ್ಲರಿಗೂ ಹೊಳೆದ ಉಪಾಯ ಒಂದೇ.

5. ಕೂಲರ್ ಹಾಕಿದಾಗಲೂ ಕಿಟಕಿ ತೆರೆದಿರಬೇಕು

ಎಸಿಯ ಅಭ್ಯಾಸ ಇದ್ದವರು ಮಾಡುವ ಮೊದಲ ತಪ್ಪು ಇದು. ಕೂಲರ್ ಹಾಕಿ, ತಂಪು ಹೋಗಬಾರದು ಅಂತ ಕಿಟಕಿ ಮುಚ್ಚುತ್ತಾರೆ. ಅರ್ಧ ಗಂಟೆ ಸ್ವರ್ಗ, ಆಮೇಲೆ ಮಂಗಳೂರು. ಒಳಗಿನ ಗಾಳಿ ನೀರು ಕುಡಿದು ತುಂಬಿಕೊಂಡರೆ ಒಣ-ಒದ್ದೆ ಅಂತರವೇ ಸತ್ತುಹೋಗುತ್ತದೆ. ಕೂಲರ್ ನೀರು ಚೆಲ್ಲುತ್ತಲೇ ಇರುತ್ತದೆ, ತಂಪಾಗುವುದಿಲ್ಲ.

ನನಗಿದನ್ನು ಸರಿಯಾಗಿ ಹೇಳಿಕೊಟ್ಟವರು ಮೊಳಕಾಲ್ಮೂರು ಕಡೆಯ ಒಬ್ಬ ರೇಷ್ಮೆ ಬೆಳೆಗಾರರು. ಹುಳುಮನೆಗೆ ಕೂಲರ್ ಕೂರಿಸಲು ಹೋಗಿದ್ದೆ. ರೇಷ್ಮೆಹುಳಕ್ಕೆ 24ರಿಂದ 28 ಡಿಗ್ರಿ ಬಿಸಿ, ಗಾಳಿಯಲ್ಲಿ ನೂರಕ್ಕೆ 70ರಿಂದ 85ರಷ್ಟು ತೇವ ಬೇಕು. ಕೂಲರ್ ಹೇಳಿಮಾಡಿಸಿದ ಹಾಗಿದೆ. ಆದರೂ ಅವರು ಗೋಡೆಯ ಮೇಲ್ಗಡೆ ಗಾಳಿಕಿಂಡಿಗಳನ್ನು ಮುಚ್ಚಲು ಬಿಡಲಿಲ್ಲ. “ತೇವ ಬೇಕು ಕಣಪ್ಪ, ಹಂಗಂತ ಉಸಿರು ಕಟ್ಟಿದ್ರೆ ಹುಳ ರೋಗ ಹಿಡೀತಾವೆ” ಅಂದರು. ಅದೇ ಊರ ನೇಕಾರರು ಗುಂಡಿಮಗ್ಗದಲ್ಲಿ ಕೂರುವುದಕ್ಕೂ ಒಂದು ಕಾರಣ ನೆಲದ ತಣುಪು: ಗಾಳಿ ಒಣಗಿದರೆ ರೇಷ್ಮೆ ಎಳೆ ತುಂಡಾಗುತ್ತದೆ. ಗಾಳಿಯ ತೇವದ ಮೇಲೆ ಹೊಟ್ಟೆಪಾಡು ನಡೆಸುವವರಿಗೆ ಗೊತ್ತಿರುವಷ್ಟು ಕೂಲರ್ ಅಂಗಡಿಯವರಿಗೆ ಗೊತ್ತಿರುವುದಿಲ್ಲ.

ಹಾಗಾಗಿ ಕೂಲರ್ ಗಾಡಿಯ ಒಳಗೆ ಕೂರಬಾರದು. ಅದರ ಬೆನ್ನು ಹೊರಗಿನ ಗಾಳಿಗೆ, ಬಾಯಿ ಮಾತ್ರ ಒಳಗೆ. ಎದುರು ತುದಿಯ ಕಿಟಕಿ ಅಥವಾ ಗವಾಕ್ಷಿ ತೆರೆದಿರಬೇಕು. ಟಾಪಿನ ಫ್ಯಾನನ್ನು ಸಣ್ಣ ವೇಗದಲ್ಲಿ ಹಾಕಿದರೆ ಚಾವಣಿಯಡಿ ಸೇರಿದ ಬಿಸಿಯೂ ಹೋಗುತ್ತದೆ. ಜೋರಾಗಿ ಹಾಕಿದರೆ ಮಾತ್ರ ಕೂಲರನ್ನು ಬಿಟ್ಟು ಬಾಗಿಲ ಸಂದಿಗಳಿಂದ ಬಿಸಿಗಾಳಿ ಎಳೆಯಲು ಶುರುಮಾಡುತ್ತದೆ. ಎರಡೂ ಒಟ್ಟಿಗೆ ಇದ್ದಾಗ ಕೂಲರ್ ಯಜಮಾನ, ಫ್ಯಾನು ಆಳು.

6. ಗಾಳಿಯೂ ನೀರು ಕುಡಿಯುತ್ತದೆ, ಎಷ್ಟು ಅಂತ ಅಳೆದುಕೊಳ್ಳಿ

ನಿಮಿಷಕ್ಕೆ 500 ಘನ ಅಡಿ ಗಾಳಿ ದೂಡುವ ಸಣ್ಣ ಕೂಲರು 38ರ ಗಾಳಿಯನ್ನು 26ಕ್ಕೆ ಇಳಿಸಬೇಕಾದರೆ ಗಂಟೆಗೆ ನಾಲ್ಕು ಲೀಟರಿಗಿಂತ ಹೆಚ್ಚು ನೀರು ಆರಬೇಕು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ 25 ಲೀಟರಿನ ಮೇಲೆ. ನೂರು ಲೀಟರಿನ ಟ್ಯಾಂಕು ಇರುವ ಗಾಡಿಯಲ್ಲಿ ಕಾಲು ಭಾಗ ಗಾಳಿಯ ಪಾಲು.

ಚಳ್ಳಕೆರೆ ಪಶ್ಚಿಮಘಟ್ಟದ ಮಳೆನೆರಳಲ್ಲಿರುವ ತಾಲ್ಲೂಕು. ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು. ಗಾಳಿ ಒಣಗಿರುವುದಕ್ಕೂ ನೀರು ಸಿಗದಿರುವುದಕ್ಕೂ ಕಾರಣ ಒಂದೇ. ಕೂಲರ್ ಚೆನ್ನಾಗಿ ಕೆಲಸ ಮಾಡುವ ಊರಲ್ಲೇ ಕೂಲರಿಗೆ ನೀರಿಲ್ಲ, ಇದು ನಮ್ಮ ಸೀಮೆಯ ವ್ಯಂಗ್ಯ. ಒಂದು ಸಲ ಕಾವಲಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ, ಕ್ಯಾನಿನಿಂದ ಕೂಲರಿಗೆ ನೀರು ಸುರಿಯುತ್ತಿದ್ದೆ. ಕುರಿ ಹೊಡೆದುಕೊಂಡು ಬಂದ ಅಜ್ಜ ನಿಂತು ನೋಡಿದ. “ಕುರಿಗೇ ಕುಡಿಯಾಕೆ ನೀರಿಲ್ಲ, ನೀವು ಗಾಳಿಗೆ ಕುಡಿಸ್ತೀರಾ ಸಾಮಿ?” ಅಂದ. ನಗುತ್ತಲೇ ಅಂದದ್ದು. ಉಳಿದ ನೀರನ್ನು ಅವನ ಬೋಗುಣಿಗೆ ಸುರಿದೆ. ಆವತ್ತಿನಿಂದ ಕೂಲರ್ ಹಾಕಿಸುವವರಿಗೆ ಪ್ರತ್ಯೇಕ ಟ್ಯಾಂಕು, ಪ್ರತ್ಯೇಕ ಅಳತೆ ಪಟ್ಟಿ ಕಟ್ಟಿಕೊಡುತ್ತೇನೆ. ಕುಡಿಯುವ ನೀರಿನ ಪೈಪಿಗೆ ಕೂಲರ್ ಜೋಡಿಸುವುದಿಲ್ಲ.

ಸಿಗುವ ನೀರೂ ಗಡಸು. ಬೋರಿನ ನೀರು ಆರಿದಂತೆ ಅದರ ಉಪ್ಪು ಪ್ಯಾಡಿನ ಮೇಲೆ ಉಳಿಯುತ್ತದೆ. ಒಂದೇ ಬೇಸಿಗೆಯಲ್ಲಿ ಕೂಲರ್ ಹುಲ್ಲು ಸುಣ್ಣದ ಗೋಡೆಯಾದದ್ದನ್ನು ಕಂಡಿದ್ದೇನೆ. ಎರಡು ದಿನಕ್ಕೊಮ್ಮೆ ತೊಟ್ಟಿಯ ತಳದ ನೀರನ್ನು ಪೂರಾ ಚೆಲ್ಲಿ ಹೊಸದು ತುಂಬಬೇಕು. ನಿಂತ ನೀರು ಡೆಂಗಿ ಸೊಳ್ಳೆಗೂ ತವರು. ಗಾಡಿ ನಿಲ್ಲಿಸಿ ಊರಿಗೆ ಹೋಗುವಾಗ ತೊಟ್ಟಿ ಒಣಗಿಸಿಯೇ ಹೋಗಬೇಕು.

7. ಬ್ಯಾಟರಿ ಸುಳ್ಳು ಹೇಳುವುದಿಲ್ಲ

ಇದು ನನ್ನ ಸ್ವಂತ ಕಸುಬಿನ ಪಾಠ. 12 ವೋಲ್ಟಿನ, 100 ಆಂಪಿಯರ್-ಅವರಿನ ಸಾದಾ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1200 ವಾಟ್-ಅವರ್ ಇರುತ್ತದೆ. ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು, ಕೈಗೆ ಸಿಗುವುದು 600.

30 ವಾಟಿನ ಬಿಎಲ್‌ಡಿಸಿ ಗವಾಕ್ಷಿ ಫ್ಯಾನು: 20 ಗಂಟೆ.
ಪಂಪು ಸೇರಿ 80 ವಾಟಿನ 12 ವೋಲ್ಟ್ ಕೂಲರ್: ಏಳು ಗಂಟೆ.
ಇನ್ವರ್ಟರ್ ಮೇಲೆ ಓಡುವ 180 ವಾಟಿನ ಮನೆ ಕೂಲರ್: ಮೂರು ಗಂಟೆ.
ಒಂದು ಟನ್ ಎಸಿ: ಅರ್ಧ ಗಂಟೆ ಸುಮಾರು.

ದುಡ್ಡು ಉಳಿಸಲು ಮೊದಲ ಗವಾಕ್ಷಿಗೆ ಕಾರಿನ ರೇಡಿಯೇಟರ್ ಫ್ಯಾನು ಕಟ್ಟಿದ್ದೆ. ಗಾಳಿ ಬಿರುಗಾಳಿ, ಸದ್ದು ಹಿಟ್ಟಿನ ಗಿರಣಿ, ಎಳೆತ ಹತ್ತು ಆಂಪಿಯರ್. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಮಲಗಿತ್ತು, ಮೇಷ್ಟ್ರು ಎದ್ದಿದ್ದರು. ಎರಡನೇ ತಪ್ಪು ಇದಕ್ಕಿಂತ ದೊಡ್ಡದು: ಒಂದು ಗಾಡಿಗೆ 230 ವೋಲ್ಟಿನ ಮನೆ ಕೂಲರನ್ನು ಇನ್ವರ್ಟರಿಗೆ ಕೊಟ್ಟೆ. ಒದ್ದೆ ಪಂಪಿನಿಂದ ತಗಡಿನ ಮೈಗೆ ಕರೆಂಟು ಇಳಿದು, ಬಾಗಿಲು ಹಿಡಿದ ನನ್ನ ಕೈಯೇ ಜುಂ ಅಂದಿತು. ನನಗಾದದ್ದು ಪುಣ್ಯ, ಬೇರೆಯವರಿಗಲ್ಲ. ನೀರು ಮತ್ತು ತಗಡು ಇರುವ ಕಡೆ 12 ವೋಲ್ಟಿಗಿಂತ ಮೇಲೆ ಹೋಗುವುದಿಲ್ಲ ಅಂತ ಅವತ್ತೇ ನಿಂತೆ.

ಎಸಿ ಬೇಡ ಅಂತ ಹಟವೇನಿಲ್ಲ. 2025ರ ಅಕ್ಟೋಬರ್ 1ರಿಂದ ಹೊಸದಾಗಿ ತಯಾರಾಗುವ ಸರಕು ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ, ಸಣ್ಣ ಗೂಡ್ಸ್ ಗಾಡಿಗಳಿಗೆ ಮಾತ್ರ ಇಲ್ಲ. ಒಲೆಯಂಥ ಕ್ಯಾಬಿನ್ನಿನಲ್ಲಿ ಕೂತು ಬಳ್ಳಾರಿ ದಾರಿ ಓಡಿಸಿದವರಿಗೆ ಅದು ನ್ಯಾಯವೇ. ಆದರೆ ಅದು ಎಂಜಿನ್ ಓಡುವಾಗಿನ ಮಾತು. ನಿಂತ ಗಾಡಿಯಲ್ಲಿ, ಕರೆಂಟು ಇಲ್ಲದ ಬಯಲಲ್ಲಿ ಉಳಿಯುವುದು ಫ್ಯಾನು ಮತ್ತು ಕೂಲರೇ.

8. ಟಾಪಿಗೆ ತೂತು ಕೊರೆಯುವ ಮೊದಲು ಮೂರು ಸಲ ಯೋಚಿಸಿ

ಗವಾಕ್ಷಿಗೆ ಚಾವಣಿ ಕತ್ತರಿಸಲೇಬೇಕು. ಒಳಗಿನ ಅಡ್ಡಪಟ್ಟಿ ಎಲ್ಲಿದೆ ಅಂತ ತಟ್ಟಿ ನೋಡದೆ ಕೊರೆದರೆ ಗಾಡಿಯ ಎಲುಬು ಮುರಿದ ಹಾಗೆ. ಕೊರೆದ ಅಂಚಿಗೆ ತುಕ್ಕು ಹಿಡಿಯದ ಬಣ್ಣ, ಅದರ ಮೇಲೆ ಸೀಲೆಂಟು, ಆಮೇಲೆ ಪೈಪ್ ಹಿಡಿದು ಅರ್ಧ ಗಂಟೆ ನೀರು ಬಿಟ್ಟು ನೋಡುವುದು. ಮಳೆಗಾಲದವರೆಗೆ ಕಾಯಬಾರದು.

ಕೂಲರನ್ನು ಟಾಪಿನ ಮೇಲೆ ಕೂರಿಸಿ ಅಂತ ಕೆಲವರು ಕೇಳುತ್ತಾರೆ. 40 ಲೀಟರ್ ನೀರು ಅಂದರೆ 40 ಕಿಲೊ, ಅದೂ ತಿರುವಿನಲ್ಲಿ ಅತ್ತಿತ್ತ ಹೊಯ್ದಾಡುವ 40 ಕಿಲೊ. ಪಂಪಿನಿಂದ ನೀರು ಮೇಲಕ್ಕೆ ಕಳಿಸುವ, ಮೇಲೆ ನಾಲ್ಕೈದು ಲೀಟರ್ ಮಾತ್ರ ನಿಲ್ಲುವ ವಿನ್ಯಾಸ ಇದ್ದರೆ ಸರಿ. ಇಲ್ಲದಿದ್ದರೆ ಕಿಟಕಿಗೆ ಸಿಕ್ಕಿಸಿ, ಬಿಚ್ಚಿ ಇಡುವಂಥದ್ದೇ ವಾಸಿ.

ಕಾಗದದ ಕೆಲಸವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ, ಆರ್‌ಸಿಯಲ್ಲಿ ಬರೆಸಿಕೊಂಡು ಬಂದವರ ಗಾಡಿಗೆ ಮಾತ್ರ ನಾನು ಗರಗಸ ಇಡುವುದು.

9. ಧೂಳಿನ ದಿನ ಗಾಳಿಯ ದಿಕ್ಕು ತಿರುಗಿಸಿ

ಗವಾಕ್ಷಿ ಫ್ಯಾನು ಗಾಳಿಯನ್ನು ಹೊರಗೆ ಎಳೆದಾಗ ಗಾಡಿಯೊಳಗೆ ಒತ್ತಡ ಕಡಿಮೆಯಾಗುತ್ತದೆ. ಬಾಗಿಲಿನ, ವೈರಿನ, ತಳದ ಒಂದೊಂದು ಸಂದಿಯೂ ಧೂಳು ಹೀರುವ ಬಾಯಾಗುತ್ತದೆ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇಸ್ವಾಮಿಯ ದೊಡ್ಡ ತೇರಿಗೆ ಗಾಡಿ ಒಯ್ದು ನಿಲ್ಲಿಸಿದ ಕುಟುಂಬವೊಂದು ಸಂಜೆಗೆ ಹಾಸಿಗೆಯ ಮೇಲೆ ಕೆಂಪು ಧೂಳಿನ ಪದರವನ್ನೇ ಕಂಡಿತು. ಕೂಲರ್ ಇದಕ್ಕೆ ತದ್ವಿರುದ್ಧ: ಗಾಳಿಯನ್ನು ಒಳಗೆ ದೂಡುತ್ತದೆ, ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆ, ಒದ್ದೆ ಪ್ಯಾಡು ಧೂಳನ್ನು ಹಿಡಿದಿಡುತ್ತದೆ. ಜಾತ್ರೆಗೆ, ಕಣದ ಕೆಲಸದ ಪಕ್ಕಕ್ಕೆ ಕೂಲರೇ ಮೇಲು. ಕೂಲರ್ ಇಲ್ಲದವರಿಗೆ ಫ್ಯಾನು ಹಿಮ್ಮುಖ ತಿರುಗಿಸುವ ಸ್ವಿಚ್ಚು, ಅದರ ಬಾಯಿಗೊಂದು ತೆಗೆದು ತೊಳೆಯುವ ಬಟ್ಟೆ ಹಾಕಿಕೊಡುತ್ತೇನೆ.

10. ಉತ್ತರ ಮಳೆನಕ್ಷತ್ರದ ಜೊತೆ ಬದಲಾಗುತ್ತದೆ, ಊರಿನ ಜೊತೆಗೂ

ಕುದಾಪುರದ ಲೆಕ್ಕ ಹೀಗಿದೆ. ಶಿವರಾತ್ರಿ ಕಳೆದ ಮೇಲೆ ಭರಣಿ, ಕೃತ್ತಿಕೆಯ ಮಳೆ ಬೀಳುವವರೆಗೆ ಮಧ್ಯಾಹ್ನ ಕೂಲರ್, ರಾತ್ರಿ ಫ್ಯಾನು. ರೋಹಿಣಿ ಮೃಗಶಿರ ದಾಟಿದರೆ ಮುಂಗಾರಿನ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳೇ ಸಾಕ್ಷಿ. ಆಗ ಗವಾಕ್ಷಿಯ ಮುಚ್ಚಳ ಎತ್ತಿದರೆ ಸಾಕು, ಸ್ವಿಚ್ಚೂ ಬೇಡ. ನಮ್ಮಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಎರಡು ತಿಂಗಳು ಕೂಲರ್ ಶತ್ರು. ಚಳಿಗಾಲದಲ್ಲಿ ಅಡುಗೆ ಹಬೆಗೆ, ಉಸಿರಿನ ತೇವಕ್ಕೆ ಫ್ಯಾನು ಸ್ವಲ್ಪ ಹೊತ್ತು.

ಗಾಡಿಗೆ ಚಕ್ರ ಇದೆಯಲ್ಲ, ಅದನ್ನು ಮರೆಯಬಾರದು. ಬಳ್ಳಾರಿ, ರಾಯಚೂರು, ಕಲಬುರಗಿಗೆ ಹೋದರೆ ಕೂಲರ್ ಇನ್ನೂ ಮೆರೆಯುತ್ತದೆ. ಅದೇ ಕೂಲರ್ ಹೊತ್ತು ಘಟ್ಟ ಇಳಿದ ಒಬ್ಬರು ಮೇ ತಿಂಗಳಲ್ಲಿ ಉಡುಪಿ ಕಡಲತೀರದಿಂದ ಫೋನ್ ಮಾಡಿ, “ನಿಮ್ಮ ಕೂಲರ್ ಕೆಟ್ಟೋಗಿದೆ” ಅಂದರು. ಕೆಟ್ಟಿರಲಿಲ್ಲ. ಅಲ್ಲಿ 33 ಡಿಗ್ರಿ, ತೇವ ನೂರಕ್ಕೆ 70. ಒಣ-ಒದ್ದೆ ಅಂತರ ಐದೂ ಇರುವುದಿಲ್ಲ. “ಕೂಲರ್ ಆಫ್ ಮಾಡಿ, ಮೇಲಿನ ಫ್ಯಾನ್ ಹಾಕಿ, ಕಡಲ ಕಡೆ ಕಿಟಕಿ ತೆಗೀರಿ” ಅಂದೆ. ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್ ಬರಲಿಲ್ಲ. ಪರವಾಗಿಲ್ಲ ಅಂತ ಅರ್ಥ ಮಾಡಿಕೊಂಡೆ.

11. ಬಜೆಟ್ ಎಷ್ಟು ಅಂತ ಕೇಳುವ ಮೊದಲು ನೀರು ಎಲ್ಲಿ ಹಿಡಿಯುತ್ತೀರಿ ಅಂತ ಕೇಳಿ

ಮೊದಮೊದಲು ಗಾಡಿ ಬಂದ ಕೂಡಲೇ ದುಡ್ಡಿನ ಮಾತು ಎತ್ತುತ್ತಿದ್ದೆ. ಈಗ ಎರಡು ಪ್ರಶ್ನೆ ಕೇಳುತ್ತೇನೆ. ಬೇಸಿಗೆಯ ಮಧ್ಯಾಹ್ನ ಎಲ್ಲಿರುತ್ತೀರಿ? ನೀರು ಎಲ್ಲಿ ಹಿಡಿಯುತ್ತೀರಿ? ಹಗಲೆಲ್ಲ ಗಾಡಿ ಓಡಿಸಿ, ರಾತ್ರಿ ಮಾತ್ರ ಮಲಗುವವರಿಗೆ ಫ್ಯಾನೊಂದೇ ಸಾಕು. ಬಿಸಿಲಲ್ಲಿ ಒಂದೇ ಕಡೆ ದಿನಗಟ್ಟಲೆ ನಿಲ್ಲುವ, ಹತ್ತಿರದಲ್ಲಿ ನಲ್ಲಿಯೋ ತೋಟವೋ ಇರುವವರಿಗೆ ಫ್ಯಾನಿನ ಜೊತೆ ಕೂಲರೂ ಬೇಕು. ಬಿಸಿಲಲ್ಲಿ ನಿಲ್ಲಬೇಕು, ನೀರೂ ಇಲ್ಲ ಅನ್ನುವವರಿಗೆ ನಾನು ಏನನ್ನೂ ಮಾರುವುದಿಲ್ಲ. ಬೆಳಿಗ್ಗೆ ಹತ್ತಕ್ಕೇ ಗಾಡಿ ತೆಗೆದು ಹೊಂಗೆಯದೋ ಬೇವಿನದೋ ಮರ ಹುಡುಕಿ ಅನ್ನುತ್ತೇನೆ. ಬರೀ ಕೂಲರ್ ಹಾಕಿಸಿಕೊಳ್ಳಬೇಕಾದ ಗಾಡಿ ಇವತ್ತಿನವರೆಗೆ ನನ್ನ ಶೆಡ್ಡಿಗೆ ಬಂದಿಲ್ಲ.

ಮೇಷ್ಟ್ರ ಗಾಡಿ ಈಗ ಬೆಳ್ಳಗಿದೆ, ಟಾಪಿನಲ್ಲಿ ಗವಾಕ್ಷಿ ಇದೆ. ನಾನು ಜಂಬದಿಂದ ಮೊದಲು ಕೂರಿಸಿದ್ದ ಕೂಲರನ್ನು ಬಿಚ್ಚಿ, ಕಿಟಕಿಗೆ ಸಿಕ್ಕಿಸುವ ಸಣ್ಣದೊಂದನ್ನು ಮಾಡಿಕೊಟ್ಟೆ. ಮಳೆ ಶುರುವಾದರೆ ಅದನ್ನು ತಂದು ನನ್ನ ಶೆಡ್ಡಿನ ಅಟ್ಟಕ್ಕೆ ಹಾಕುತ್ತಾರೆ. ಉಳಿದವರೂ ಹಾಗೇ ಮಾಡಿ, ಈಗ ಅಟ್ಟದ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದ ನಾಲ್ಕು ಕೂಲರುಗಳಿವೆ. ಶಿವರಾತ್ರಿ ಕಳೆಯುತ್ತಿದ್ದಂತೆ ಒಬ್ಬೊಬ್ಬರೇ ಬಂದು ಇಳಿಸಿಕೊಂಡು ಹೋಗುತ್ತಾರೆ, ರೋಹಿಣಿ ಮಳೆಗೆ ವಾಪಸ್ ತರುತ್ತಾರೆ. ಗವಾಕ್ಷಿ ಫ್ಯಾನು ಬಿಚ್ಚಿಕೊಡಿ ಅಂತ ಇದುವರೆಗೆ ಯಾರೂ ಬಂದಿಲ್ಲ.